ಆರ್ಥಿಕ ಬಿಕ್ಕಟ್ಟು ಮತ್ತು ಆತ್ಮಹತ್ಯೆ: ಕೊಂಡಿ ಎಲ್ಲಿದೆ, ಅದನ್ನು ಕಳಚುವುದು ಹೇಗೆ?

1997ರ ನವೆಂಬರ್ ತಿಂಗಳಲ್ಲಿ ಜಪಾನಿನ ಹಣಕಾಸು ವ್ಯವಸ್ಥೆಯ ದೊಡ್ಡ ಸಂಸ್ಥೆಗಳು ಒಂದರ ಹಿಂದೊಂದು ಉರುಳಿದವು. ತಿಂಗಳ ಮೊದಲ ವಾರದಲ್ಲಿ ಸಾನ್ಯೊ ಸೆಕ್ಯುರಿಟೀಸ್ ದಿವಾಳಿಯೆದ್ದಿತು; 17ರಂದು ಉತ್ತರದ ದ್ವೀಪದ ಉದ್ಯಮಗಳಿಗೆ ಆಧಾರವಾಗಿದ್ದ ಹೊಕ್ಕೈಡೊ ತಕುಶೊಕು ಬ್ಯಾಂಕ್ ಕೈಚೆಲ್ಲಿತು; 24ರಂದು ನೂರು ವರ್ಷ ಹಳೆಯದಾದ ಯಮಾಯಿಚಿ ಸೆಕ್ಯುರಿಟೀಸ್ ಬಾಗಿಲು ಮುಚ್ಚುವುದಾಗಿ ಪ್ರಕಟಿಸಿದಾಗ, ಅದರ ಅಧ್ಯಕ್ಷರು ಕ್ಯಾಮೆರಾಗಳ ಎದುರು ಕಣ್ಣೀರಿಡುತ್ತ, ತಪ್ಪು ಆಡಳಿತದ್ದೇ ಹೊರತು ನೌಕರರದ್ದಲ್ಲ ಎಂದು ಅಂಗಲಾಚಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಉಳಿದ ಬ್ಯಾಂಕುಗಳು ಹೊಸ ಸಾಲವನ್ನು ಬಿಗಿಹಿಡಿದು ಹಳೆಯ ಸಾಲದ ವಸೂಲಿಗೆ ಇಳಿದವು. ಆ ಸಾಲವನ್ನೇ ನಂಬಿ ನಡೆಯುತ್ತಿದ್ದ ಸಣ್ಣ ಕಾರ್ಖಾನೆ, ವರ್ಕ್‌ಶಾಪ್, ಅಂಗಡಿಗಳು ಕಚ್ಚಾವಸ್ತುವಿಗೂ ಸಂಬಳಕ್ಕೂ ಹಣ ಹೊಂದಿಸಲಾಗದೆ ಕುಸಿಯತೊಡಗಿದವು.

ಹಣಕಾಸು ವರ್ಷದ ಲೆಕ್ಕ ಮುಗಿಸಬೇಕಾದ 1998ರ ಮಾರ್ಚ್ ತಿಂಗಳಿನಿಂದಲೇ ಅಲ್ಲಿನ ಪೊಲೀಸ್ ಇಲಾಖೆಯ ಅಂಕಿಅಂಶಗಳು ಥಟ್ಟನೆ ಮೇಲೇರಿದವು. 1997ರಲ್ಲಿ 24,391 ಇದ್ದ ಆತ್ಮಹತ್ಯೆಗಳ ಸಂಖ್ಯೆ 1998ರಲ್ಲಿ 32,863ಕ್ಕೆ ಏರಿತು. ಅಂದರೆ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಈ ಏರಿಕೆಯ ದೊಡ್ಡ ಪಾಲು ಮನೆಯ ಸಂಪಾದನೆಯ ಹೊಣೆ ಹೊತ್ತಿದ್ದ ನಡುವಯಸ್ಸಿನ ಗಂಡಸರದಾಗಿತ್ತು. ಅಲ್ಲಿಂದ ಮುಂದೆ ಸತತ ಹದಿನಾಲ್ಕು ವರ್ಷ, 2011ರವರೆಗೆ, ಆ ಸಂಖ್ಯೆ ಒಮ್ಮೆಯೂ 30,000ಕ್ಕಿಂತ ಕೆಳಗಿಳಿಯಲಿಲ್ಲ.

ಒಬ್ಬ ವ್ಯಕ್ತಿ ಯಾಕೆ ಪ್ರಾಣ ಕಳೆದುಕೊಂಡ ಎಂಬ ಪ್ರಶ್ನೆಗೆ ಆ ಒಬ್ಬನ ಬದುಕಿನಲ್ಲಿ ಉತ್ತರ ಹುಡುಕಬೇಕಾಗುತ್ತದೆ. ಆದರೆ ಒಂದು ದೇಶದಲ್ಲಿ ಒಂದೇ ವರ್ಷಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಜನ ಹೆಚ್ಚುವರಿಯಾಗಿ ಯಾಕೆ ಸತ್ತರು ಎಂಬ ಪ್ರಶ್ನೆಗೆ ಆ ದೇಶದ ಬ್ಯಾಂಕು, ಉದ್ಯೋಗ, ಸಾಲ ಮತ್ತು ಕಾನೂನುಗಳಲ್ಲಿ ಉತ್ತರ ಹುಡುಕದೆ ವಿಧಿಯಿಲ್ಲ.

ಹಳೆಯ ಪ್ರಶ್ನೆ, ಹಳೆಯ ಉತ್ತರ

ಈ ಎರಡು ಪ್ರಶ್ನೆಗಳು ಬೇರೆ ಬೇರೆ ಎಂದು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ ಪ್ರಮುಖರು. 1897ರಲ್ಲಿ ಪ್ರಕಟವಾದ, ಆತ್ಮಹತ್ಯೆಯನ್ನೇ ಕುರಿತ ಗ್ರಂಥದಲ್ಲಿ ಅವರು ಯುರೋಪಿನ ದೇಶಗಳ ಆತ್ಮಹತ್ಯೆಯ ಪ್ರಮಾಣಗಳನ್ನು ಹೋಲಿಸಿದರು. ಪ್ರಮಾಣ ಎಂದರೆ ಒಂದು ಲಕ್ಷ ಜನಸಂಖ್ಯೆಗೆ ವರ್ಷಕ್ಕೆ ಸಂಭವಿಸುವ ಸಾವುಗಳ ಲೆಕ್ಕ (ಡರ್ಖೈಮ್ ಕಾಲದಲ್ಲಿ ಇದನ್ನು ಹತ್ತು ಲಕ್ಷಕ್ಕೆ ಎಣಿಸುವ ರೂಢಿಯಿತ್ತು). ಚಿಕ್ಕ ದೇಶವನ್ನೂ ದೊಡ್ಡ ದೇಶವನ್ನೂ ಒಂದೇ ಅಳತೆಯಲ್ಲಿ ನೋಡಲು ಇದು ನೆರವಾಗುತ್ತದೆ.

1873ರಲ್ಲಿ ವಿಯೆನ್ನಾ ನಗರದ ಷೇರುಪೇಟೆ ಕುಸಿದಾಗ ಆತ್ಮಹತ್ಯೆಗಳು ಹೆಚ್ಚಿದ್ದನ್ನು ಡರ್ಖೈಮ್ ಗುರುತಿಸಿದರು. ಅದು ಎಲ್ಲರೂ ಊಹಿಸಬಹುದಾದ ಸಂಗತಿಯೇ. ಆದರೆ ದೇಶವೊಂದು ಹಠಾತ್ತನೆ ಸಿರಿವಂತವಾದಾಗಲೂ ಆತ್ಮಹತ್ಯೆಗಳು ಏರಬಹುದೆಂದೂ, ಕಡು ಬಡತನದ ಎಷ್ಟೋ ಪ್ರದೇಶಗಳಲ್ಲಿ ಅವು ತೀರಾ ಕಡಿಮೆಯೆಂದೂ ಅವರು ಹೇಳಿದ್ದು ಅಂದಿನ ಓದುಗರಿಗೆ ಅನಿರೀಕ್ಷಿತವಾಗಿತ್ತು. ಯಾರು ಎಷ್ಟು ಬಯಸಬಹುದು, ಎಷ್ಟರಲ್ಲಿ ತೃಪ್ತಿಪಡಬೇಕು, ಕಷ್ಟ ಬಂದಾಗ ಯಾರನ್ನು ಆಶ್ರಯಿಸಬೇಕು ಎಂಬ ರೂಢಿಯ ಕಟ್ಟಳೆಗಳು ಇದ್ದಕ್ಕಿದ್ದಂತೆ ಸಡಿಲಗೊಂಡು ಮನುಷ್ಯ ದಿಕ್ಕುತಪ್ಪುವ ಸ್ಥಿತಿಯನ್ನು ಅವರು ನಿಯಮರಾಹಿತ್ಯ ಎಂಬ ಅರ್ಥದ ಪದದಿಂದ ಕರೆದರು. ಜನರನ್ನು ಅಲುಗಿಸುವುದು ಕಡಿಮೆ ಆದಾಯ ಮಾತ್ರವಲ್ಲ, ಬದುಕಿನ ನೆಲೆ ಹಠಾತ್ತನೆ ತಪ್ಪುವುದು ಎಂಬುದು ಅವರ ವಾದದ ತಿರುಳು. ಅವರ ಅಂಕಿಅಂಶಗಳ ಬಗ್ಗೆ ನಂತರದ ವಿದ್ವಾಂಸರು ಆಕ್ಷೇಪಗಳನ್ನು ಎತ್ತಿದ್ದರೂ ಈ ತಿರುಳು ಇಂದಿಗೂ ಚರ್ಚೆಯಲ್ಲಿ ಉಳಿದಿದೆ.

ಬಡತನ ಬೇರೆ, ಕುಸಿತ ಬೇರೆ

ಭಾರತದ ರಾಜ್ಯಗಳನ್ನು ನೋಡಿದರೆ ಈ ಮಾತಿನ ಮಹತ್ವ ಮನದಟ್ಟಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಪ್ರಮಾಣ ಲಕ್ಷಕ್ಕೆ 12.4. ತಲಾ ಆದಾಯದಲ್ಲಿ ತೀರಾ ಹಿಂದುಳಿದ ಬಿಹಾರದಲ್ಲಿ ದಾಖಲಾದ ಪ್ರಮಾಣ 0.6 ಮಾತ್ರವಾದರೆ, ಶಿಕ್ಷಣ ಮತ್ತು ಆರೋಗ್ಯದಲ್ಲಿ ಮುಂದಿರುವ ಕೇರಳದಲ್ಲಿ ಅದು 28.5, ತಲಾ ಆದಾಯದಲ್ಲಿ ಮುಂಚೂಣಿಯಲ್ಲಿರುವ ಸಿಕ್ಕಿಮ್‌ನಲ್ಲಿ 43.1. ಕರ್ನಾಟಕದ ಪ್ರಮಾಣವೂ ರಾಷ್ಟ್ರೀಯ ಸರಾಸರಿಗಿಂತ ಸಾಕಷ್ಟು ಮೇಲಿದೆ.

ಈ ಅಂತರದಲ್ಲಿ ಒಂದು ಪಾಲು ದಾಖಲಾತಿಯದು. ಠಾಣೆಯ ಮೆಟ್ಟಿಲು ಹತ್ತಲು ಅಂಜುವ, ಮನೆತನದ ಮರ್ಯಾದೆ ಹೋದೀತೆಂದು ಸಾವಿನ ಕಾರಣವನ್ನು ಮುಚ್ಚಿಡುವ ಕಡೆ ಅಂಕಿ ತಗ್ಗುತ್ತದೆ. ಪೊಲೀಸ್ ದಾಖಲೆಯ ಬದಲು ಮನೆಮನೆ ಸಮೀಕ್ಷೆಯನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು 2010ರಲ್ಲಿ ಭಾರತದಲ್ಲಿ ಸುಮಾರು 1,87,000 ಆತ್ಮಹತ್ಯೆಗಳಾಗಿವೆ ಎಂದು ಅಂದಾಜಿಸಿತು. ಆ ವರ್ಷದ ಅಧಿಕೃತ ಸಂಖ್ಯೆ ಸುಮಾರು 1,35,000. ಆದರೆ ಅದೇ ಅಧ್ಯಯನದಲ್ಲೂ ದಕ್ಷಿಣದ ರಾಜ್ಯಗಳ ಪ್ರಮಾಣವೇ ಹೆಚ್ಚಾಗಿ ಕಂಡುಬಂದದ್ದರಿಂದ, ಬಡ ರಾಜ್ಯದಲ್ಲಿ ಆತ್ಮಹತ್ಯೆ ಹೆಚ್ಚು, ಸಿರಿವಂತ ರಾಜ್ಯದಲ್ಲಿ ಕಡಿಮೆ ಎಂಬ ಸರಳ ಸೂತ್ರ ನಿಲ್ಲುವುದಿಲ್ಲ ಎಂಬುದು ಖಚಿತ.

ಹಾಗೆಂದು ಬಡವರು ಸುರಕ್ಷಿತರು ಎಂದು ತಿಳಿಯುವುದೂ ತಪ್ಪು. ಒಂದು ಪ್ರದೇಶದ ಒಟ್ಟು ಚಿತ್ರಣವನ್ನು ಅಲ್ಲಿನ ಒಬ್ಬೊಬ್ಬರಿಗೂ ಅನ್ವಯಿಸುವುದು ಅಂಕಿಅಂಶ ಓದುವಾಗ ಆಗುವ ಸಾಮಾನ್ಯ ತಪ್ಪು. ಸಿರಿವಂತ ರಾಜ್ಯದೊಳಗೂ ಸಾಯುವವರು ಹೆಚ್ಚಾಗಿ ಕೆಳಗಿನ ಮೆಟ್ಟಿಲಿನವರೇ ಆಗಿರಬಹುದು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಜನರ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿಗಿಂತ ಕಡಿಮೆಯಿತ್ತು. ನಾಲ್ಕನೇ ಒಂದು ಪಾಲಿಗಿಂತ ಹೆಚ್ಚಿನವರು ದಿನಗೂಲಿಗಳು. ದೇಶದ ಬಹುಪಾಲು ಜನರ ಆದಾಯವೇ ಕಡಿಮೆಯಿರುವುದರಿಂದ ಈ ಅಂಕಿಗಳಷ್ಟೇ ಪುರಾವೆಯಾಗಲಾರವು. ಆದರೂ ಇಂದು ಕೆಲಸ ಸಿಕ್ಕಿದರೆ ಇಂದು ಊಟ ಎಂಬ ಸ್ಥಿತಿಯಲ್ಲಿರುವವರಿಗೆ ಒಂದು ಕಾಯಿಲೆ, ಒಂದು ಅಪಘಾತ, ಒಂದು ತಿಂಗಳ ನಿರುದ್ಯೋಗ ಎಷ್ಟು ಆಳದ ಕುಸಿತ ಎಂಬುದನ್ನು ಅವು ಎತ್ತಿ ತೋರಿಸುತ್ತವೆ.

ಅಮೆರಿಕದ ಮಹಾ ಆರ್ಥಿಕ ಕುಸಿತದ ಕುರಿತ ಒಂದು ಜನಪ್ರಿಯ ಕಲ್ಪನೆಯನ್ನೂ ಇಲ್ಲಿ ತಿದ್ದಿಕೊಳ್ಳಬೇಕು. 1929ರ ಅಕ್ಟೋಬರ್‌ನಲ್ಲಿ ಷೇರುಪೇಟೆ ಬಿದ್ದ ಕೂಡಲೇ ನ್ಯೂಯಾರ್ಕಿನ ಶ್ರೀಮಂತ ಹೂಡಿಕೆದಾರರು ಸಾಲುಸಾಲಾಗಿ ಪ್ರಾಣ ಕಳೆದುಕೊಂಡರೆಂಬ ಕಥೆ ಲೋಕಪ್ರಸಿದ್ಧ. ಆ ಕುಸಿತದ ಇತಿಹಾಸ ಬರೆದ ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೈತ್ ದಾಖಲೆಗಳನ್ನು ಪರಿಶೀಲಿಸಿ, ಆ ತಿಂಗಳುಗಳಲ್ಲಿ ಅಂಥ ಹಠಾತ್ ಏರಿಕೆ ಆಗಿರಲಿಲ್ಲ ಎಂದು ತೋರಿಸಿದರು. ಏರಿಕೆ ಬಂದದ್ದು ನಂತರ: 1929ರಲ್ಲಿ ಲಕ್ಷಕ್ಕೆ ಸುಮಾರು 14 ಇದ್ದ ಅಮೆರಿಕದ ಪ್ರಮಾಣ, ಕಾರ್ಖಾನೆಗಳು ಮುಚ್ಚಿ ಕೋಟ್ಯಂತರ ಜನ ಕೆಲಸ ಕಳೆದುಕೊಂಡ 1932ರ ಹೊತ್ತಿಗೆ 17ರ ಆಸುಪಾಸಿಗೆ ಏರಿತು. ಷೇರು ಬೆಲೆ ಒಂದೇ ದಿನದಲ್ಲಿ ಬಿದ್ದರೂ ಬದುಕುಗಳು ಬೀಳುವುದು ನಿಧಾನವಾಗಿ, ಸದ್ದಿಲ್ಲದೆ.

ಒಂದು ಕಾರಣವಲ್ಲ, ಕಾರಣಗಳ ಸರಪಳಿ

ಕೆಲಸ ಹೋದವರಲ್ಲಿ, ಸಾಲದಲ್ಲಿ ಮುಳುಗಿದವರಲ್ಲಿ ಬಹುತೇಕರು ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ. ಅವರು ಕಷ್ಟವನ್ನು ಹೇಗೋ ದಾಟಿ ಬದುಕುತ್ತಾರೆ. ಆದ್ದರಿಂದ ಆರ್ಥಿಕ ಸಂಕಷ್ಟವೊಂದೇ ಸಾವಿಗೆ ಕಾರಣ ಎನ್ನಲಾಗದು. ಖಿನ್ನತೆ, ಮದ್ಯದ ಚಟ, ದೀರ್ಘಕಾಲದ ಕಾಯಿಲೆ, ಮನೆಯ ಜಗಳ, ಒಂಟಿತನಗಳ ಜೊತೆಗೆ ಹಣದ ತಾಪತ್ರಯ ಸೇರಿಕೊಂಡಾಗ ಅಪಾಯ ಬೆಳೆಯುತ್ತದೆ. ಜಪಾನಿನಲ್ಲಿ ಆತ್ಮಹತ್ಯೆ ತಡೆಗೆಂದು 2004ರಲ್ಲಿ ಹುಟ್ಟಿಕೊಂಡ ಲೈಫ್‌ಲಿಂಕ್ ಸಂಸ್ಥೆ, ತಮ್ಮವರನ್ನು ಕಳೆದುಕೊಂಡ ಕುಟುಂಬಗಳನ್ನು ಮಾತನಾಡಿಸಿ ನಡೆಸಿದ ಸಮೀಕ್ಷೆಯಲ್ಲಿ, ಒಂದೊಂದು ಸಾವಿನ ಹಿಂದೆಯೂ ಸರಾಸರಿ ನಾಲ್ಕು ಕಾರಣಗಳು ಹೆಣೆದುಕೊಂಡಿದ್ದವು ಎಂದು ಕಂಡುಕೊಂಡಿತು.

ಈ ಸರಪಳಿಯ ಅರಿವಿಲ್ಲದೆ ಸರ್ಕಾರಿ ಅಂಕಿಗಳನ್ನು ಓದಿದರೆ ದಾರಿ ತಪ್ಪುವ ಸಾಧ್ಯತೆಯಿದೆ. ಭಾರತದ 2022ರ ವರದಿಯಲ್ಲಿ ಸಾಲ ಅಥವಾ ದಿವಾಳಿತನದ ಕಾರಣಕ್ಕೆಂದು ದಾಖಲಾದ ಆತ್ಮಹತ್ಯೆಗಳು ಶೇ 4.1 ಮಾತ್ರ, ಕೌಟುಂಬಿಕ ಸಮಸ್ಯೆ ಎಂಬ ಶೀರ್ಷಿಕೆಯಡಿ ಶೇ 31.7, ಕಾಯಿಲೆ ಎಂಬುದರಡಿ ಶೇ 18.4. ಆದರೆ ಠಾಣೆಯ ನಮೂನೆಯಲ್ಲಿ ಒಂದು ಸಾವಿಗೆ ಒಂದೇ ಕಾರಣ ಬರೆಯಲಾಗುತ್ತದೆ. ಆಸ್ಪತ್ರೆಯ ಖರ್ಚಿಗಾಗಿ ಒಡವೆ ಅಡವಿಟ್ಟು, ಅದು ಸಾಲದೆ ಕೈಸಾಲ ಮಾಡಿ, ಬಡ್ಡಿ ಕಟ್ಟಲಾಗದೆ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಕುಡಿತಕ್ಕೆ ಬಿದ್ದವನ ಸಾವು ಈ ಮೂರರಲ್ಲಿ ಯಾವ ಕಾಲಂಗೆ ಸೇರಬೇಕು ಎಂಬುದಕ್ಕೆ ಸರಿಯಾದ ಉತ್ತರವಿಲ್ಲ. ಹಣದ ಕಷ್ಟ ಬೇರೆ ಹೆಸರುಗಳ ಮರೆಯಲ್ಲಿ ದಾಖಲಾಗುವುದೇ ಹೆಚ್ಚು.

ಸಾಲದ ಜೊತೆ ಬರುವ ಅವಮಾನ

ಸಾಲದ ಮೊತ್ತಕ್ಕಿಂತ ಸಾಲ ವಸೂಲಾಗುವ ರೀತಿ ಮನುಷ್ಯನನ್ನು ಹೆಚ್ಚು ಹಣಿಯುತ್ತದೆ ಎಂಬುದಕ್ಕೆ ಜಪಾನಿನ ಅನುಭವವೇ ಸಾಕ್ಷಿ. ಅಲ್ಲಿ ಸಣ್ಣ ಉದ್ಯಮಿಗೆ ಸಾಲ ಸಿಗಬೇಕಾದರೆ ನೆಂಟರೋ ಸ್ನೇಹಿತರೋ ಜಂಟಿ ಜಾಮೀನು ನಿಲ್ಲಬೇಕಿತ್ತು. ಜಂಟಿ ಜಾಮೀನುದಾರನಿಗೆ ಸಾಲಗಾರನಷ್ಟೇ ಹೊಣೆಯಿದ್ದುದರಿಂದ, ಒಂದು ಅಂಗಡಿ ಮುಳುಗಿದರೆ ಸೋದರಮಾವನ ಮನೆಯೂ ಹರಾಜಾಗುತ್ತಿತ್ತು. ವ್ಯಾಪಾರದಲ್ಲಿ ಸೋತವನಿಗೆ ಸೋಲಿಗಿಂತ, ತನ್ನನ್ನು ನಂಬಿದವರನ್ನು ಬೀದಿಗೆ ತಂದೆನೆಂಬ ಸಂಕಟವೇ ಅಸಹನೀಯವಾಗುತ್ತಿತ್ತು. ಬ್ಯಾಂಕು ಸಾಲ ಕೊಡದಿದ್ದಾಗ ಜನ ಲೇವಾದೇವಿ ಕಂಪನಿಗಳ ಮೊರೆ ಹೋಗುತ್ತಿದ್ದರು. ಅವು ವರ್ಷಕ್ಕೆ ಶೇ 29.2ರವರೆಗೂ ಬಡ್ಡಿ ವಸೂಲಿ ಮಾಡುತ್ತಿದ್ದವು.

ಇದೇ ಒತ್ತಡದ ಬೇರೊಂದು ರೂಪ ಕರ್ನಾಟಕದ ಹಳ್ಳಿಗಳಿಗೆ ಚಿರಪರಿಚಿತ. ಮೈಕ್ರೋ ಫೈನಾನ್ಸ್ ಕಂಪನಿಯ ಗುಂಪು ಸಾಲದಲ್ಲಿ ಕಂತಿನ ದಿನ ಹತ್ತಾರು ಹೆಂಗಸರು ಒಬ್ಬರ ಮನೆಯ ಜಗಲಿಯಲ್ಲಿ ಸೇರುತ್ತಾರೆ. ಕಂಪನಿಯವನು ಹೆಸರು ಕರೆದು ಒಬ್ಬೊಬ್ಬರ ಹಣ ಎಣಿಸಿಕೊಳ್ಳುತ್ತಾನೆ. ಯಾರಾದರೂ ಕಂತು ತರದಿದ್ದರೆ ಉಳಿದವರು ಕೈಯಿಂದ ಹಾಕಿ ಲೆಕ್ಕ ಸರಿದೂಗಿಸಬೇಕು, ಇಲ್ಲವೆ ಆಕೆಯನ್ನು ಕರೆತರಬೇಕು. ಹೀಗೆ ಅಕ್ಕಪಕ್ಕದವರೇ ವಸೂಲಿಗಾರರಾಗಿಬಿಡುವ ಈ ಏರ್ಪಾಡಿನಲ್ಲಿ, ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತಿದವಳಿಗೆ ಊರಿನಲ್ಲಿ ಮುಖ ಎತ್ತಿ ನಡೆಯುವುದೇ ಕಷ್ಟವಾಗುತ್ತದೆ. 2025ರ ಆರಂಭದಲ್ಲಿ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಾಗ, ಸಾವುಗಳೂ ವರದಿಯಾದಾಗ, ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಫೆಬ್ರುವರಿಯಲ್ಲಿ ಜಾರಿಗೆ ಬಂದಿತು. ತಪ್ಪಿತಸ್ಥರಿಗೆ ಹತ್ತು ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸಲು ಅದು ಅವಕಾಶ ಕೊಟ್ಟಿತು.

ಕೃಷಿಯ ಸಾಲಕ್ಕೂ ಇದೇ ಮುಖವಿದೆ. 2022ರಲ್ಲಿ ದೇಶದಲ್ಲಿ ಕೃಷಿಯನ್ನು ನಂಬಿದ 11,290 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 5,207 ಮಂದಿ ರೈತರು, 6,083 ಮಂದಿ ಕೃಷಿ ಕೂಲಿಗಳು. ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು. ಮಳೆ ಕೈಕೊಟ್ಟ ವರ್ಷ ಬೆಳೆ ಇಲ್ಲ, ಮಳೆ ಚೆನ್ನಾಗಿ ಬಂದ ವರ್ಷ ಬೆಲೆ ಇಲ್ಲ ಎಂಬ ಅನಿಶ್ಚಿತತೆಯಲ್ಲಿ, ಪಹಣಿಯಲ್ಲಿ ಹೆಸರಿಲ್ಲದ ಕಾರಣಕ್ಕೆ ಬ್ಯಾಂಕ್ ಸಾಲವೂ ಬೆಳೆ ಪರಿಹಾರವೂ ಸಿಗದೆ, ಗುತ್ತಿಗೆಗೋ ಲಾವಣಿಗೋ ಹೊಲ ಮಾಡುವವರು ಖಾಸಗಿ ಬಡ್ಡಿಯವರ ಕೈಗೆ ಬೀಳುತ್ತಾರೆ.

ಕುಸಿತ ಬಂದರೂ ಸಾವು ಹೆಚ್ಚದ ದೇಶಗಳು

ಆರ್ಥಿಕ ಕುಸಿತಕ್ಕೂ ಆತ್ಮಹತ್ಯೆಗೂ ಇರುವ ನಂಟು ಪ್ರಕೃತಿ ನಿಯಮವಾಗಿದ್ದರೆ ಎಲ್ಲ ದೇಶಗಳಲ್ಲೂ ಒಂದೇ ಫಲ ಕಾಣಬೇಕಿತ್ತು. ಹಾಗೆ ಕಂಡಿಲ್ಲ. ಸೋವಿಯತ್ ಮಾರುಕಟ್ಟೆ ಕುಸಿದ 1990ರ ದಶಕದ ಆರಂಭದಲ್ಲಿ ಫಿನ್ಲೆಂಡ್ ತನ್ನ ಇತಿಹಾಸದ ಅತಿ ಕಠಿಣ ಆರ್ಥಿಕ ಹಿಂಜರಿತಗಳಲ್ಲೊಂದನ್ನು ಕಂಡಿತು. ಶೇ 3ರ ಆಸುಪಾಸಿನಲ್ಲಿದ್ದ ನಿರುದ್ಯೋಗ ನಾಲ್ಕೇ ವರ್ಷಗಳಲ್ಲಿ ಶೇ 16 ದಾಟಿತು. ಅದಕ್ಕೂ ಮೊದಲೇ ಯುರೋಪಿನ ಅತಿ ಹೆಚ್ಚು ಆತ್ಮಹತ್ಯೆಯ ದೇಶಗಳಲ್ಲೊಂದಾಗಿದ್ದ ಫಿನ್ಲೆಂಡಿನಲ್ಲಿ ಪ್ರಮಾಣ ಇನ್ನಷ್ಟು ಏರಬೇಕಿತ್ತು. ಆದರೆ 1990ರಿಂದ ಅದು ಇಳಿಯತೊಡಗಿತು.

ಇದರ ಹಿಂದೆ ಎರಡು ಸಂಗತಿಗಳಿದ್ದವು. ಒಂದು, ಕೆಲಸ ಹೋದವರಿಗೆ ಭತ್ಯೆ, ಮರುತರಬೇತಿ, ಆರೋಗ್ಯ ಸೇವೆ ತಪ್ಪದೆ ಸಿಗುತ್ತಿದ್ದವು. ಇನ್ನೊಂದು, ಆ ದೇಶ 1986ರಿಂದ ಹತ್ತು ವರ್ಷ ಆತ್ಮಹತ್ಯೆ ತಡೆಯ ರಾಷ್ಟ್ರೀಯ ಯೋಜನೆಯನ್ನು ನಡೆಸಿತು. 1987ರ ಏಪ್ರಿಲ್‌ನಿಂದ ಒಂದು ವರ್ಷ ಕಾಲ ಸಂಭವಿಸಿದ 1,397 ಆತ್ಮಹತ್ಯೆಗಳಲ್ಲಿ ಪ್ರತಿಯೊಂದನ್ನೂ ಬಿಡದೆ ಅಧ್ಯಯನ ಮಾಡಿ, ಖಿನ್ನತೆಯ ಚಿಕಿತ್ಸೆಯಿಂದ ಹಿಡಿದು ಸ್ಥಳೀಯ ನೆರವಿನವರೆಗೆ ಕ್ರಮ ರೂಪಿಸಿತು.

1970ರಿಂದ 2007ರವರೆಗೆ ಯುರೋಪಿನ 26 ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿ ಡೇವಿಡ್ ಸ್ಟಕ್ಲರ್, ಸಂಜಯ್ ಬಸು ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ನಿರುದ್ಯೋಗ ಶೇ 1ರಷ್ಟು ಏರಿದಾಗ 65 ವರ್ಷದೊಳಗಿನವರ ಆತ್ಮಹತ್ಯೆಗಳು ಸರಾಸರಿ ಶೇ 0.79ರಷ್ಟು ಏರಿದ್ದವು, ಆದರೆ ಕೆಲಸ ಹೋದವರನ್ನು ಹೊಸ ಕೆಲಸಕ್ಕೆ ಸೇರಿಸುವ ಕಾರ್ಯಕ್ರಮಗಳಿಗೆ ಹೆಚ್ಚು ವೆಚ್ಚ ಮಾಡಿದ ದೇಶಗಳಲ್ಲಿ ಈ ಪರಿಣಾಮ ಕುಗ್ಗಿತ್ತು.

ಇದು ಸಿರಿವಂತ ದೇಶಗಳಿಗೆ ಮಾತ್ರ ಸಾಧ್ಯ ಎನ್ನುವವರಿಗೆ ಇಂಡೋನೇಷ್ಯ ಉತ್ತರ ಕೊಟ್ಟಿದೆ. ಅಲ್ಲಿನ ಬಡ ಕುಟುಂಬಗಳಿಗೆ ಸರ್ಕಾರ ನಗದು ನೆರವು ನೀಡುವ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು, ನೆರವು ತಲುಪಿದ ಪ್ರದೇಶಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 18ರಷ್ಟು ಇಳಿದದ್ದನ್ನು ಕಂಡರು. ಮಳೆ ಕೊರತೆಯಿಂದ ಬೆಳೆ ಕೆಟ್ಟ ವರ್ಷಗಳಲ್ಲಿ ಈ ಹಣ ವಿಶೇಷವಾಗಿ ಕಾಪಾಡಿತ್ತು. ಅಮೆರಿಕದಲ್ಲೂ, 1990ರಿಂದ 2015ರವರೆಗಿನ ಅಂಕಿಗಳ ಪ್ರಕಾರ, ಕನಿಷ್ಠ ಕೂಲಿ ಗಂಟೆಗೆ ಒಂದು ಡಾಲರ್ ಹೆಚ್ಚಿದ ರಾಜ್ಯಗಳಲ್ಲಿ ಕಡಿಮೆ ಓದಿದವರ ಆತ್ಮಹತ್ಯೆ ಶೇ 3.4ರಿಂದ 5.9ರಷ್ಟು ತಗ್ಗಿತ್ತು.

ಜಪಾನ್ ಕಲಿತ ಪಾಠ

ಜಪಾನ್ ಎಚ್ಚೆತ್ತುಕೊಂಡದ್ದು ತಡವಾಗಿ. ತಂದೆಯನ್ನು, ಗಂಡನನ್ನು ಕಳೆದುಕೊಂಡ ಕುಟುಂಬಗಳು ನಾಚಿಕೆಯನ್ನು ಬದಿಗಿಟ್ಟು ಮುಂದೆ ಬಂದು ಮಾತನಾಡಿದ ಮೇಲೆ, ಒಂದು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹವಾದ ಮೇಲೆ, 2006ರಲ್ಲಿ ಆತ್ಮಹತ್ಯೆ ತಡೆಯ ಕಾನೂನು ಜಾರಿಗೆ ಬಂದಿತು; ಆತ್ಮಹತ್ಯೆ ಕೇವಲ ವ್ಯಕ್ತಿಯ ಖಾಸಗಿ ಸಮಸ್ಯೆಯಲ್ಲ, ಅದರ ಹಿಂದೆ ಸಾಮಾಜಿಕ ಕಾರಣಗಳಿವೆ ಎಂದು ಆ ಕಾನೂನು ಒಪ್ಪಿಕೊಂಡಿತು. ಅದೇ ವರ್ಷ ಲೇವಾದೇವಿ ಕಾನೂನನ್ನೂ ತಿದ್ದಲಾಯಿತು. 2010ರ ಜೂನ್ ಹೊತ್ತಿಗೆ ಬಡ್ಡಿಯ ಮಿತಿ ಶೇ 20ಕ್ಕೆ ಇಳಿಯಿತು. ಲೇವಾದೇವಿ ಕಂಪನಿಗಳು ಒಬ್ಬ ವ್ಯಕ್ತಿಗೆ ಅವನ ವಾರ್ಷಿಕ ಆದಾಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಾಲ ಕೊಡದಂತೆ ತಡೆಯಾಯಿತು. ಟೋಕಿಯೊದ ಅದಾಚಿ ವಾರ್ಡಿನಂಥ ಕಡೆ ಉದ್ಯೋಗ, ಸಾಲ, ಕಾನೂನು ಮತ್ತು ಮನಸ್ಸಿನ ಆರೋಗ್ಯದ ಸಲಹೆಗಳನ್ನು ಒಂದೇ ಸೂರಿನಡಿ ತಂದದ್ದರಿಂದ, ನೊಂದವರು ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪಿತು.

2012ರಲ್ಲಿ ಸಂಖ್ಯೆ 30,000ಕ್ಕಿಂತ ಕೆಳಗಿಳಿಯಿತು. 2019ರ ಹೊತ್ತಿಗೆ 20,169ಕ್ಕೆ ಬಂದಿತು. ಆರ್ಥಿಕ ಚೇತರಿಕೆಯ ಪಾಲೂ ಇದರಲ್ಲಿದೆ. ಕೋವಿಡ್ ಬಂದ 2020ರಲ್ಲಿ ಸಂಖ್ಯೆ ಮತ್ತೆ ಏರಿತು. ಈ ಬಾರಿ ಹೆಚ್ಚಿದ್ದು ಹೆಣ್ಣುಮಕ್ಕಳ ಸಾವು. ಹೋಟೆಲು, ಅಂಗಡಿಗಳಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದು ಮೊದಲು ಕೆಲಸ ಕಳೆದುಕೊಂಡವರಲ್ಲಿ ಅವರೇ ಹೆಚ್ಚಾಗಿದ್ದರು. ಆಸರೆಯ ಹೊರಗೆ ಉಳಿದವರನ್ನು ಮುಂದಿನ ಕುಸಿತ ಮೊದಲು ತಟ್ಟುತ್ತದೆ ಎಂಬುದನ್ನು ಇದು ತೋರಿಸಿತು.

ನೆರವು ಮೊದಲೇ ಬರಲಿ

ಈ ಎಲ್ಲ ದೇಶಗಳ ಅನುಭವ ಒಂದೇ ತೀರ್ಮಾನದತ್ತ ಬೊಟ್ಟುಮಾಡುತ್ತದೆ: ಆರ್ಥಿಕ ಏರಿಳಿತವನ್ನು ಯಾವ ಸರ್ಕಾರವೂ ಪೂರ್ತಿ ತಡೆಯಲಾರದು, ಆದರೆ ಆ ಇಳಿತ ಸಾವಾಗಿ ಮಾರ್ಪಡುವುದನ್ನು ತಡೆಯಬಹುದು. ಬಡ್ಡಿಯ ಮಿತಿ, ಮರ್ಯಾದೆಯ ವಸೂಲಿ ಪದ್ಧತಿ, ಉದ್ಯೋಗ ಖಾತರಿ, ಬೆಳೆ ವಿಮೆ, ಆಸ್ಪತ್ರೆಯ ಖರ್ಚಿನಿಂದ ರಕ್ಷಣೆ, ಪಹಣಿಯಿಲ್ಲದ ಸಾಗುವಳಿದಾರನಿಗೂ ಸಾಲ ಸಿಗುವ ದಾರಿ ಇವೆಲ್ಲ ಅರ್ಥನೀತಿಯ ಮಾತುಗಳಂತೆ ಕಂಡರೂ ಜೀವ ಉಳಿಸುವ ಕ್ರಮಗಳೇ. 2022ರಲ್ಲಿ ಪ್ರಕಟವಾದ ಭಾರತದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ 2030ರೊಳಗೆ ಸಾವುಗಳನ್ನು ಶೇ 10ರಷ್ಟು ಇಳಿಸುವ ಗುರಿ ಇಟ್ಟುಕೊಂಡಿದೆ. ಆ ಗುರಿಯ ಹೊಣೆ ಆರೋಗ್ಯ ಇಲಾಖೆಯೊಂದರದೇ ಅಲ್ಲ, ಹಣಕಾಸು, ಕೃಷಿ, ಕಾರ್ಮಿಕ ಮತ್ತು ಸಹಕಾರ ಇಲಾಖೆಗಳದೂ ಹೌದು. ಸಾವಿನ ನಂತರ ಬರುವ ಪರಿಹಾರಕ್ಕಿಂತ ಬದುಕಿರುವಾಗಲೇ ತಲುಪುವ ನೆರವು ದೊಡ್ಡದು.

ಸಾಲ ತೀರಿಸಲು ದಾರಿಗಳಿವೆ, ಕಂತು ಮುಂದೂಡಿಸಬಹುದು, ಕಾನೂನಿನ ರಕ್ಷಣೆ ಕೇಳಬಹುದು. ಹೋದ ಜೀವವನ್ನು ತರುವ ದಾರಿ ಮಾತ್ರ ಇಲ್ಲ. ಹಣದ ಕಷ್ಟದಲ್ಲಿ ಮಾತು ಕಡಿಮೆಯಾದವರು, ನಿದ್ದೆಗೆಟ್ಟವರು, ಯಾರ ಕಣ್ಣಿಗೂ ಬೀಳದಂತೆ ಓಡಾಡುವವರು ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಓದುಗರು ಅವರ ಪಕ್ಕ ಕುಳಿತು ನೇರವಾಗಿ ವಿಚಾರಿಸಲಿ, ತೀರ್ಪು ಕೊಡದೆ ಕೇಳಿಸಿಕೊಳ್ಳಲಿ. ಮನಸ್ಸಿನ ಸಂಕಟಕ್ಕೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಕನ್ನಡದಲ್ಲಿ, ಉಚಿತವಾಗಿ ಲಭ್ಯವಿದೆ.